ಸಂಧಿವಾತ ಬಂದರೆ ಕೆಲಸ ಬಿಡಬೇಕೆ?

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈಗಳ ಬೆರಳು ಮಡಿಸಿ ಮುಷ್ಟಿ ಕಟ್ಟಿ ನೋಡಿ. ಸಲೀಸಾಗಿ ಕಟ್ಟಲು ಬಂದರೆ ಸಂತೋಷ. ಕಾಫಿ ಕುಡಿದು ನಿಮ್ಮ ಕೆಲಸಕ್ಕೆ ಹೊರಡಿ. ಆದರೆ ಬೆರಳಿನ ಗಿಣ್ಣುಗಳು ಊದಿಕೊಂಡು, ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಕುಳಿತರೂ ಒಂದು ಗಂಟೆಯವರೆಗೆ ಲೋಟ ಹಿಡಿಯಲು ಆಗದಿದ್ದರೆ, ಇದು ಕೆಲವು ವಾರಗಳಿಂದ ಹೀಗೇ ನಡೆದಿದ್ದರೆ, ಈ ಲೇಖನವನ್ನು ಕೊನೆಯವರೆಗೂ ಓದಿ. ನಿಮಗೆ ಈ ತೊಂದರೆ ಇಲ್ಲದಿದ್ದರೂ ನಿಮ್ಮ ಮನೆಯಲ್ಲಿ, ನಿಮ್ಮ ಕಚೇರಿಯಲ್ಲಿ, ನಿಮ್ಮ ಕೈಕೆಳಗೆ ದುಡಿಯುವವರಲ್ಲಿ ಯಾರಿಗಾದರೂ ಇರಬಹುದು. ಹಾಗಿದ್ದರೆ ನೀವು ಇನ್ನೂ ಗಮನವಿಟ್ಟು ಓದಬೇಕು. ಕೀಲಿನ ನೋವಿನ ಬಗ್ಗೆ ಈ ಅಂಕಣದಲ್ಲಿ ಬರೆಯುವುದು ಹೊಸದೇನಲ್ಲ. ಇವತ್ತು ಹೇಳಬೇಕೆಂದಿರುವುದು, ಆ ನೋವು ಕಿತ್ತುಕೊಳ್ಳುವ ದುಡಿಮೆಯ ಬಗ್ಗೆ.

ಏನಿದು ರೋಗ?

ನಮ್ಮಲ್ಲಿ ಕೀಲು ನೋವೆಂದರೆ ಎಲ್ಲವೂ ‘ವಾಯು’. ಅರವತ್ತೈದರ ಅತ್ತೆಯ ಮಂಡಿ ನೋವೂ ವಾಯು, ಮೂವತ್ತೈದರ ಸೊಸೆಯ ಬೆರಳಿನ ಊತವೂ ವಾಯು. ಆದರೆ ಇವೆರಡೂ ಒಂದೇ ರೋಗವಲ್ಲ. ಅತ್ತೆಯದು ಬಹುಮಟ್ಟಿಗೆ ವಯಸ್ಸಿನೊಡನೆ ಬರುವ ಕೀಲು ಸವೆತ. ಹೆಚ್ಚು ನಡೆದರೆ ನೋವು ಹೆಚ್ಚು, ಕೂತರೆ ಕಡಿಮೆ. ಸೊಸೆಯದು ರುಮಟಾಯ್ಡ್ ಸಂಧಿವಾತ ಇರಬಹುದು. ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಈ ರೋಗದಲ್ಲಿ ದಾರಿ ತಪ್ಪಿ, ತನ್ನದೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಉರಿಯೂತದಿಂದ ದಪ್ಪಗಾದ ಆ ಪೊರೆ ಮೃದ್ವಸ್ಥಿಯನ್ನು, ಬಳಿಕ ಮೂಳೆಯನ್ನೇ ಕೊರೆಯುತ್ತ ಹೋಗುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಬೆರಳುಗಳು ಸೊಟ್ಟಗಾಗುತ್ತವೆ. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಮಾತ್ರೆಯೂ ನೆಟ್ಟಗೆ ಮಾಡುವುದಿಲ್ಲ.

ಸಾಮಾನ್ಯವಾಗಿ ಎರಡೂ ಕೈಗಳ ಬೆರಳಿನ ಬುಡದ ಮತ್ತು ನಡುವಿನ ಗಿಣ್ಣುಗಳು, ಮಣಿಕಟ್ಟು, ಪಾದದ ಮುಂಭಾಗ ಮೊದಲು ಊದುತ್ತವೆ. ವಿಶ್ರಾಂತಿಯ ನಂತರ, ಅದರಲ್ಲೂ ಬೆಳಗಿನ ಹೊತ್ತು, ಬಿಗಿತ ಹೆಚ್ಚು. ಜೊತೆಗೆ ಸಣ್ಣ ಜ್ವರ, ರಕ್ತಹೀನತೆ, ಹೇಳತೀರದ ಸುಸ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ದೆಹಲಿಗೆ ಹತ್ತಿರದ ಬಲ್ಲಭಗಡದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡಾ 0.75 ಮಂದಿಗೆ ಈ ರೋಗ ಕಂಡುಬಂದಿತ್ತು. ಎಂದರೆ ಸಾವಿರಕ್ಕೆ ಏಳೆಂಟು ಜನ. ಅಂಥ ಸಾವಿರ ವಯಸ್ಕರಿರುವ ಒಂದು ಊರನ್ನು ಊಹಿಸಿಕೊಳ್ಳಿ. ಅಲ್ಲಿ ಏಳೆಂಟು ಮನೆಗಳಲ್ಲಿ ಬೆಳಗಾಗುವುದೇ ಕಷ್ಟದಿಂದ.

ಗಡಿಯಾರದೊಡನೆ ಜಗಳ

ಈ ರೋಗ ಯಾವ ವಯಸ್ಸಿನವರನ್ನು ಹಿಡಿಯುತ್ತದೆ ಎಂಬುದನ್ನು ಗಮನಿಸಿ. ಬಹಳಷ್ಟು ಜನರಲ್ಲಿ ಅದು ಶುರುವಾಗುವುದು ಮೂವತ್ತರಿಂದ ಐವತ್ತೈದರ ನಡುವೆ. ಮಕ್ಕಳ ಫೀಸು, ಮನೆ ಸಾಲ, ಹೆತ್ತವರ ಔಷಧ ಎಲ್ಲವೂ ಹೆಗಲ ಮೇಲಿರುವ ಕಾಲ ಅದು.

ಇನ್ನು ರೋಗದ ಬಿಗಿತ ಯಾವ ಹೊತ್ತಿನಲ್ಲಿ ಹೆಚ್ಚು? ಬೆಳಿಗ್ಗೆ. ನಮ್ಮ ಕೆಲಸಗಳೆಲ್ಲ ಶುರುವಾಗುವುದು ಯಾವಾಗ? ಅದೂ ಬೆಳಿಗ್ಗೆಯೇ. ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುವ ಹೆಂಗಸು ಕತ್ತಲಿರುವಾಗಲೇ ಎದ್ದು ಹಾಲು ಕರೆಯಬೇಕು. ಕೈ ಸಡಿಲವಾಗಲಿ ಎಂದು ಹಸುವೂ ಕಾಯುವುದಿಲ್ಲ, ಡೇರಿಯೂ ಕಾಯುವುದಿಲ್ಲ. ಬಸ್ಸಿನ ಮೊದಲ ಟ್ರಿಪ್ಪಿಗೆ ಹೋಗುವ ಡ್ರೈವರ್, ಪ್ರಾರ್ಥನೆಯ ಗಂಟೆಗೆ ಮುಂಚೆ ಶಾಲೆ ಸೇರಬೇಕಾದ ಮೇಷ್ಟ್ರು, ಸೊಪ್ಪು ತುಂಬಿದ ಬುಟ್ಟಿ ಹೊತ್ತು ಮಾರುಕಟ್ಟೆಗೆ ಬರುವವರು, ಎಲ್ಲರ ಪಾಡೂ ಇದೇ.

ಮತ್ತೊಂದು ತೊಂದರೆ ಎಂದರೆ ಈ ರೋಗ ದಿನಕ್ಕೊಂದು ಬಣ್ಣ ತೋರಿಸುತ್ತದೆ. ಸೋಮವಾರ ಪೆನ್ನು ಹಿಡಿಯಲಾಗದವರು ಬುಧವಾರ ನಗುನಗುತ್ತ ಓಡಾಡುತ್ತಿರುತ್ತಾರೆ. ‘ನಿನ್ನೆ ಚೆನ್ನಾಗೇ ಇದ್ದರಲ್ಲ, ಇವತ್ತೇನು ನಾಟಕ?’ ಎಂದು ಪಕ್ಕದ ಮೇಜಿನವರು ಅಂದುಕೊಳ್ಳುತ್ತಾರೆ. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಸಿಗುವ ಅನುಕಂಪ ಇವರಿಗೆ ಸಿಗುವುದಿಲ್ಲ. ಆದ್ದರಿಂದ ಬಹಳ ಜನ ರೋಗವನ್ನು ಮುಚ್ಚಿಡುತ್ತಾರೆ. ರಜೆಗಳನ್ನೆಲ್ಲ ಮುಗಿಸುತ್ತಾರೆ. ಔಷಧ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳಿ ತೆಗೆದುಕೊಂಡು ನುಂಗುತ್ತ ದಿನ ದೂಡುತ್ತಾರೆ. ಡಾಕ್ಟರ ಬಳಿ ಬರುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ನಾನು ಬರೆದ ಒಂದು ಚೀಟಿ

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಹೆಣ್ಣುಮಗಳೊಬ್ಬಳು ನನ್ನಲ್ಲಿಗೆ ಬಂದಿದ್ದಳು. ವಯಸ್ಸು ಮೂವತ್ತೆಂಟು. ಅಂಗಿಗೆ ಕಾಲರ್ ಕೂಡಿಸುವುದು ಆಕೆಯ ಕೆಲಸ. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಇರುತ್ತದೆ. ಮೂರು ತಿಂಗಳಿಂದ ಬೆಳಗಿನ ಮೊದಲ ಎರಡು ಗಂಟೆ ಆಕೆಯ ಪೀಸುಗಳು ಕಡಿಮೆ ಬೀಳುತ್ತಿದ್ದವು. ಲೈನಿನಲ್ಲಿ ಎಲ್ಲರೆದುರು ಬೈಗುಳ.

“ಹತ್ತೂವರೆ ಆದ್ಮೇಲೆ ನಾನೂ ಎಲ್ಲರ ಹಂಗೇ ಹೊಲೀತೀನಿ ಡಾಕ್ಟ್ರೇ. ಅದಕ್ಕೆ ಮುಂಚೆ ಕೈಯೇ ನಂದಲ್ಲ,” ಎಂದಳು.

ಪರೀಕ್ಷೆ ಮಾಡಿದೆ, ರಕ್ತ ತಪಾಸಣೆ ಮಾಡಿಸಿದೆ. ಅನುಮಾನವಿರಲಿಲ್ಲ, ರುಮಟಾಯ್ಡ್ ಸಂಧಿವಾತವೇ. ಔಷಧ ಬರೆದು, ಅದು ಪೂರ್ತಿ ಹಿಡಿಯಲು ಎರಡು ಮೂರು ತಿಂಗಳು ಬೇಕು, ಧೈರ್ಯಗೆಡಬೇಡ ಎಂದು ಹೇಳಿದೆ. ಹೋಗುವಾಗ ಆಕೆ ಕಂಪನಿಗೆ ಕೊಡಲು ಒಂದು ಚೀಟಿ ಕೇಳಿದಳು. ‘ಸಂಧಿವಾತ. ಎಂಟು ವಾರ ವಿಶ್ರಾಂತಿ ಅಗತ್ಯ’ ಎಂದು ಬರೆದು ಸಹಿ ಹಾಕಿದೆ. ಅರ್ಧ ನಿಮಿಷದ ಕೆಲಸ.

ಹತ್ತು ವಾರದ ಮೇಲೆ ಆಕೆ ಮತ್ತೆ ಬಂದಳು. ಬೆರಳುಗಳ ಊತ ಇಳಿದಿತ್ತು. ಮುಷ್ಟಿ ಕಟ್ಟಮ್ಮ ಎಂದೆ, ಗಟ್ಟಿಯಾಗಿ ಕಟ್ಟಿದಳು. ನನಗೆ ಖುಷಿಯಾಯಿತು. “ಇನ್ನು ಕೆಲಸಕ್ಕೆ ಹೋಗಬಹುದು,” ಎಂದೆ.

“ಯಾವ ಕೆಲ್ಸಕ್ಕೆ ಹೋಗ್ಲಿ ಡಾಕ್ಟ್ರೇ? ನಿಮ್ಮ ಚೀಟಿ ಕೊಟ್ಟ ಮೂರನೇ ದಿನಕ್ಕೇ ನನ್ನ ಮಿಷನ್ ಮೇಲೆ ಬೇರೆ ಹುಡುಗಿ ಕೂರ್ಸಿದ್ರು. ಎಂಟು ವಾರ ಯಾರು ಕಾಯ್ತಾರೆ ಅಂತ ಒಂದು ಕಾಗದಕ್ಕೆ ಸೈನ್ ಹಾಕಿಸ್ಕೊಂಡ್ರು.”

ಅನಾರೋಗ್ಯದ ಕಾರಣ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂಬ ಕಾಗದ ಅದು. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಏಳು ತಿಂಗಳಾಗಿತ್ತು. ಐದು ವರ್ಷ ತುಂಬದ್ದರಿಂದ ಗ್ರಾಚ್ಯುಯಿಟಿಯೂ ಇಲ್ಲ. ಇಎಸ್‌ಐಗೆ ವಂತಿಗೆ ಕಟ್ಟಿದ ಕಾರ್ಮಿಕರಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಹಣ ಸಿಗುತ್ತದೆ. ಅದಕ್ಕೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು, ನನ್ನ ಚೀಟಿ ಸಾಲದು. ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಇಎಸ್‌ಐ ಕಾರ್ಡ್ ಇದೆಯೇ ಎಂದು ನಾನೂ ಕೇಳಿರಲಿಲ್ಲ.

ಔಷಧ ಗೆದ್ದಿತ್ತು, ಕೆಲಸ ಹೋಗಿತ್ತು. ಕೈ ಸರಿಹೋಗಲು ಬೇಕಾಗಿದ್ದ ಹತ್ತು ವಾರಗಳಲ್ಲಿ ಆಕೆಗೆ ನಿಜವಾಗಿ ಬೇಕಾಗಿದ್ದುದೇನು? ಬೆಳಗಿನ ಎರಡು ಗಂಟೆಯ ಮಟ್ಟಿಗೆ ಕಾಲರ್ ಬಿಟ್ಟು ಚೆಕಿಂಗ್‌ನಂಥ ಹಗುರ ಕೆಲಸ. ಅಷ್ಟೇ. ಅದನ್ನು ಬರೆಯುವ ಬದಲು ನಾನು ವಿಶ್ರಾಂತಿ ಎಂದು ಬರೆದೆ. ಆ ಮಾತು ಕಂಪನಿಯವರ ಕಿವಿಗೆ ‘ಇವಳು ಇನ್ನು ಕೆಲಸಕ್ಕೆ ಬಾರದವಳು’ ಎಂದು ಕೇಳಿಸಿತು.

ಕೆಲಸ ತಪ್ಪಿಸುವುದು ಯಾವುದು?

ನನ್ನ ಈ ಅನುಭವ ಒಂಟಿಯಲ್ಲ. ಅಮೆರಿಕದಲ್ಲಿ ಎಡ್ವರ್ಡ್ ಯೆಲಿನ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ಎತ್ತಿಕೊಂಡು ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ಈ ರೋಗ ಬಂದವರಲ್ಲಿ ಕೆಲವರು ಕೆಲಸ ಬಿಡುತ್ತಾರೆ, ಕೆಲವರು ಉಳಿಸಿಕೊಳ್ಳುತ್ತಾರೆ. ಕಾರಣವೇನು? ರೋಗ ಎಷ್ಟು ತೀವ್ರವಾಗಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಅವರಿಗೆ ಕಂಡದ್ದು ಬೇರೆ. ತನ್ನ ಕೆಲಸದ ವೇಗ ಮತ್ತು ಕ್ರಮವನ್ನು ತಾನೇ ನಿರ್ಧರಿಸುವ ಅವಕಾಶ ಇದ್ದವರು ಕೆಲಸ ಉಳಿಸಿಕೊಂಡಿದ್ದರು. ಆ ಅವಕಾಶ ಇಲ್ಲದವರು ಕಳೆದುಕೊಂಡಿದ್ದರು. ರೋಗದ ತೀವ್ರತೆಗಿಂತ ಇದರ ಪಾತ್ರವೇ ದೊಡ್ಡದಾಗಿತ್ತು.

ಯೋಚಿಸಿ ನೋಡಿದರೆ ಇದು ನಮಗೂ ಗೊತ್ತಿರುವ ಸಂಗತಿಯೇ. ತನ್ನದೇ ಅಂಗಡಿಯ ಬಾಗಿಲನ್ನು ಹತ್ತೂವರೆಗೆ ತೆಗೆಯುವವನಿಗೆ ಯಾರೂ ಕಾರಣ ಕೇಳುವುದಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು ಮಧ್ಯಾಹ್ನ ಹೊಲಿಯಬಹುದು. ಎಂಟೂವರೆಯ ಹಾಜರಿಗೆ, ಗಂಟೆಯ ಲೆಕ್ಕಕ್ಕೆ ಕಟ್ಟುಬಿದ್ದವರು ಏನು ಮಾಡಬೇಕು? ಕೈಯ ಶಕ್ತಿ ಇಬ್ಬರದೂ ಒಂದೇ ಆಗಿದ್ದರೂ ಒಬ್ಬರು ದುಡಿಯುತ್ತಾರೆ, ಇನ್ನೊಬ್ಬರು ಮನೆಗೆ ಹೋಗುತ್ತಾರೆ.

ಒಂದು ಉದ್ದನೆಯ ಹಿಡಿಕೆ

ಇಂಗ್ಲೆಂಡಿನ ರಸಾಯನ ವಿಜ್ಞಾನಿ ಡೊರೊತಿ ಹಾಡ್ಜ್‌ಕಿನ್ ಅವರಿಗೆ ಈ ರೋಗ ಇರುವುದು 1934ರಲ್ಲಿ ಗೊತ್ತಾಯಿತು. ಆಗ ಅವರ ವಯಸ್ಸು 24. ಹರಳುಗಳ ಮೂಲಕ ಎಕ್ಸ್‌ರೇ ಹಾಯಿಸಿ ಅಣುಗಳ ರಚನೆ ಕಂಡುಹಿಡಿಯುವುದು ಅವರ ಕೆಲಸ. ಕೈಯಲ್ಲಿ ಮಾಡಬೇಕಾದ ಬಹು ಸೂಕ್ಷ್ಮದ ಕೆಲಸ ಅದು. ಮೊದಲ ಮಗು ಹುಟ್ಟಿದ ಬಳಿಕ ರೋಗ ಉಲ್ಬಣಿಸಿತು. ಚಿಕಿತ್ಸೆ ಪಡೆದು ಪ್ರಯೋಗಶಾಲೆಗೆ ಮರಳಿದಾಗ ಎಕ್ಸ್‌ರೇ ಯಂತ್ರದ ಮುಖ್ಯ ಸ್ವಿಚ್ಚನ್ನು ಹಾಕಲು ಬೆರಳುಗಳಲ್ಲಿ ಬಲವಿರಲಿಲ್ಲ. ಅವರು ಕೆಲಸ ಬಿಡಲಿಲ್ಲ. ಸ್ವಿಚ್ಚಿಗೆ ಒಂದು ಉದ್ದನೆಯ ಹಿಡಿಕೆ ಮಾಡಿಸಿಕೊಂಡರು. ಆ ಕೈಗಳಿಂದಲೇ ಪೆನಿಸಿಲಿನ್ ರಚನೆ ಬಯಲಾಯಿತು, ವಿಟಮಿನ್ ಬಿ12ರ ರಚನೆ ಬಯಲಾಯಿತು, 1964ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. 1969ರಲ್ಲಿ ಇನ್ಸುಲಿನ್ ರಚನೆ ಹೊರಬಿದ್ದಾಗ ಅವರ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋಗಿದ್ದ, ಮುಂದೆ ಅಲ್ಲಿಗೇ ಪ್ರಾಧ್ಯಾಪಕರಾಗಿ ಮರಳಿದ ಎಂ. ವಿಜಯನ್ ಕೂಡ ಇದ್ದರು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. 1967ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ ದಕ್ಷಿಣ ಆಫ್ರಿಕದ ಕ್ರಿಸ್ಟಿಯಾನ್ ಬರ್ನಾರ್ಡ್ ಅವರಿಗೂ ಇದೇ ರೋಗವಿತ್ತು. ಬೆರಳುಗಳು ಸಹಕರಿಸದೆ ಅವರು 1983ರಲ್ಲಿ ಶಸ್ತ್ರಚಿಕಿತ್ಸೆಯಿಂದ ನಿವೃತ್ತರಾದರು. ಕೆಲವು ಕೆಲಸಗಳಿಗೆ ಹಿಡಿಕೆ ಜೋಡಿಸಲು ಬರುವುದಿಲ್ಲ. ಆದರೆ ನಮ್ಮ ನಡುವಿನ ಬಹುಪಾಲು ಕೆಲಸಗಳು ಹೃದಯ ಕಸಿಯಷ್ಟು ಕಠಿಣವಲ್ಲ. ದಪ್ಪ ಹಿಡಿಯ ಪೆನ್ನು, ಹಗುರವಾದ ಕತ್ತರಿ, ತಿರುಗಿಸುವ ಗುಬುಟಿನ ಬದಲು ಒತ್ತಿ ತೆಗೆಯುವ ಚಿಲಕ, ನಿಂತು ಮಾಡುವ ಕಡೆ ಒಂದು ಸ್ಟೂಲು, ಕೆಳಗಿನ ಅಂತಸ್ತಿನಲ್ಲಿ ಒಂದು ಮೇಜು. ಇವುಗಳ ಖರ್ಚು ಒಬ್ಬ ನುರಿತ ಕೆಲಸಗಾರನನ್ನು ಕಳುಹಿಸಿ ಹೊಸಬರಿಗೆ ಕಲಿಸುವ ಖರ್ಚಿಗಿಂತ ಹೆಚ್ಚೇನಲ್ಲ.

ಔಷಧವಿದೆ, ತಡ ಮಾಡಬೇಡಿ

ಹಾಡ್ಜ್‌ಕಿನ್ ಅವರ ಕಾಲದಲ್ಲಿ ಇಲ್ಲದ್ದು ನಮಗಿದೆ. ರೋಗದ ಬೇರಿಗೇ ಕೈಹಾಕುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ಅಮೆರಿಕ 1988ರಲ್ಲಿ ಈ ರೋಗಕ್ಕೆ ಅಂಗೀಕರಿಸಿತು. ಇಂದಿಗೂ ಚಿಕಿತ್ಸೆಯ ಅಡಿಗಲ್ಲು ಅದೇ. ಬೆಲೆಯೂ ಕಡಿಮೆ. ಅದರಿಂದ ಹಿಡಿತಕ್ಕೆ ಬಾರದವರಿಗೆ 1998ರ ನಂತರ ಬಂದ ಜೈವಿಕ ಔಷಧಗಳಿವೆ. ಅವು ದುಬಾರಿ. ಕೀಲು ಊದಿದ ಮೂರು ತಿಂಗಳೊಳಗೆ ಇಂಥ ಔಷಧ ಶುರುವಾಗಬೇಕೆಂಬುದು ಇಂದಿನ ತಜ್ಞರ ಸಲಹೆ. ಮೂಳೆ ಕೊರೆದುಹೋಗುವ ಮುನ್ನ ಔಷಧ ಸಿಕ್ಕರೆ ಹೆಚ್ಚಿನವರು ಎಲ್ಲರಂತೆ ದುಡಿಯುತ್ತ ಬದುಕಬಹುದು.

ಕೆಲವು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಈ ರೋಗಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಯಾವ ವಾರದಂದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಬಸಿರಿಯರಿಗೆ ಇದು ನಿಷಿದ್ಧ. ಮಗು ಬೇಕೆನ್ನುವವರು, ಗಂಡಸರೂ ಸೇರಿದಂತೆ, ಮೊದಲೇ ಡಾಕ್ಟರಿಗೆ ತಿಳಿಸಬೇಕು. ಹೇಳಿದಾಗಲೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕು. ಇದು ಹಿಡಿಯಲು ಆರರಿಂದ ಹನ್ನೆರಡು ವಾರ ಬೇಕಾಗಬಹುದು. ಎರಡು ವಾರ ನುಂಗಿ ಗುಣವಿಲ್ಲವೆಂದು ಬಿಡುವವರೇ ಹೆಚ್ಚು. ಬೀಡಿ ಸಿಗರೇಟು ಈ ರೋಗವನ್ನು ಕೆರಳಿಸುತ್ತದೆ, ಬಿಟ್ಟುಬಿಡಿ. ಇನ್ನು ‘ಒಂದೇ ದಿನದಲ್ಲಿ ನೋವು ಮಾಯ’ ಎಂದು ಕೊಡುವ ಹೆಸರಿಲ್ಲದ ಪುಡಿ, ಮಾತ್ರೆಗಳಿಂದ ದೂರವಿರಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮಿತಿಯಲ್ಲಿ, ಡಾಕ್ಟರ ಕಣ್ಣೆದುರಿನಲ್ಲಿ ಕೊಟ್ಟರೆ ಸ್ಟೀರಾಯ್ಡ್ ಒಳ್ಳೆಯ ಔಷಧವೇ. ಗೊತ್ತಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ ಬರಬಹುದು.

ಕಾನೂನು ಎಲ್ಲಿದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಇದ್ದ ಹುದ್ದೆ ನಿಭಾಯಿಸಲು ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಸರ್ಕಾರಿ ನೌಕರರು ಇದನ್ನು ತಿಳಿದಿರಬೇಕು.

ಆದರೆ ಇದು ಎಲ್ಲರನ್ನೂ ಕಾಯುವುದಿಲ್ಲ. ಮೊದಲನೆಯದಾಗಿ, ಈ ರಕ್ಷಣೆ ಸರ್ಕಾರಿ ಸಂಸ್ಥೆಗಳಿಗೆ ಸೀಮಿತ. ಗಾರ್ಮೆಂಟ್ಸ್‌ನ ಹೆಣ್ಣುಮಗಳಿಗೆ ಇದು ನೆರಳಾಗಲಿಲ್ಲ. ಎರಡನೆಯದಾಗಿ, ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ರುಮಟಾಯ್ಡ್ ಸಂಧಿವಾತದ ಹೆಸರಿಲ್ಲ. ಕೈಕಾಲುಗಳ ಚಲನೆ ಕುಂದಿದಾಗ ‘ಚಲನ ವೈಕಲ್ಯ’ ಎಂದು ಪರಿಗಣಿಸಲು ಸಾಧ್ಯ. ಮೀಸಲಾತಿಯಂಥ ಸವಲತ್ತುಗಳಿಗೆ ಅದೂ ಶೇಕಡಾ 40 ಮುಟ್ಟಬೇಕು. ಅಂದರೆ ಬೆರಳು ಸೊಟ್ಟಗಾದ ಮೇಲೆ ಸರ್ಟಿಫಿಕೇಟ್. ಸೊಟ್ಟಗಾಗದಂತೆ ಕಾಪಾಡಬಹುದಾದ ಮೊದಲ ತಿಂಗಳುಗಳಲ್ಲಿ, ಕೆಲಸಕ್ಕೆ ಕುತ್ತು ಬರುವ ಕಾಲದಲ್ಲಿ, ಏನೂ ಇಲ್ಲ. ಔಷಧ ಹಿಡಿಯುವವರೆಗಿನ ಮೂರು ತಿಂಗಳು ಕೆಲಸ ಕಾಯ್ದಿರಿಸುವ, ಹಗುರ ಕೆಲಸ ಕೊಡುವ ನಿಯಮ ಖಾಸಗಿ ಕಾರ್ಖಾನೆಗಳಿಗೂ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಮಾಡಬಹುದಾದದ್ದು

ನಿಯಮ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ನಿಮಗೆ ಈ ರೋಗವಿದ್ದರೆ ಕೆಲಸದ ಜಾಗದಲ್ಲಿ ನಂಬಿಕೆಯ ಒಬ್ಬ ಹಿರಿಯರಿಗಾದರೂ ತಿಳಿಸಿ. ಏನು ಆಗುವುದಿಲ್ಲ ಎನ್ನುವುದರ ಜೊತೆಗೆ ಏನು ಆಗುತ್ತದೆ, ಯಾವ ಹೊತ್ತಿನಲ್ಲಿ ಆಗುತ್ತದೆ ಎಂಬುದನ್ನೂ ಹೇಳಿ. ಅವಸರದಲ್ಲಿ ಯಾವ ರಾಜೀನಾಮೆಗೂ ಸಹಿ ಹಾಕಬೇಡಿ. ಇಎಸ್‌ಐ ಇದ್ದರೆ ಮೊದಲು ಅಲ್ಲಿಗೆ ಹೋಗಿ.

ನೀವು ಮಾಲೀಕರೋ ಮೇಲಧಿಕಾರಿಯೋ ಆಗಿದ್ದರೆ, ಬೆಳಿಗ್ಗೆ ಒಂದು ಗಂಟೆ ತಡವಾಗಿ ಬಂದು ಸಂಜೆ ಒಂದು ಗಂಟೆ ಹೆಚ್ಚು ಇರುತ್ತೇನೆ ಎನ್ನುವವರ ಮಾತನ್ನು ಒಮ್ಮೆ ಕೇಳಿ.

ಮನೆಯವರಿಗೂ ಒಂದು ಮಾತು. ದುಡಿಯುವ ಹೆಂಗಸಿನ ಕೈ ಬಸ್ ಹತ್ತುವ ಮೊದಲೇ ಸೋತಿರುತ್ತದೆ. ಚಪಾತಿ ಲಟ್ಟಿಸುವುದು, ಕಾಯಿ ತುರಿಯುವುದು, ಕುಕ್ಕರಿನ ಮುಚ್ಚಳ ತೆಗೆಯುವುದು, ಒದ್ದೆ ಬಟ್ಟೆ ಹಿಂಡುವುದು, ಇವೆಲ್ಲ ಊದಿದ ಮಣಿಕಟ್ಟಿಗೆ ಯಮಯಾತನೆ. ಗಂಡನೋ ಮಗನೋ ಈ ನಾಲ್ಕು ಕೆಲಸ ವಹಿಸಿಕೊಂಡರೆ ಆಕೆಯ ಸಂಬಳ ಉಳಿದೀತು. ಔಷಧದ ಜೊತೆಗೆ ಇದೂ ಒಂದು ಚಿಕಿತ್ಸೆ.

ಕೊನೆಗೆ ನನ್ನಂಥ ವೈದ್ಯರಿಗೆ. ‘ಎಲ್ಲಿ ನೋವು?’ ಎಂದು ಕೇಳುವಾಗಲೇ ‘ಏನು ಕೆಲಸ? ಎಷ್ಟು ಗಂಟೆಗೆ ಶುರು?’ ಎಂದೂ ಕೇಳೋಣ. ನಾನು ಈಗ ಚೀಟಿಯಲ್ಲಿ ವಿಶ್ರಾಂತಿ ಎಂದಷ್ಟೇ ಬರೆಯುವುದಿಲ್ಲ. ‘ಇವರು ಕೆಲಸ ಮಾಡಬಲ್ಲರು. ಮುಂದಿನ ಹನ್ನೆರಡು ವಾರ ಬೆಳಿಗ್ಗೆ ಹತ್ತೂವರೆಯವರೆಗೆ ಬೆರಳಿಗೆ ಶ್ರಮವಿಲ್ಲದ ಕೆಲಸ ಕೊಡಿ. ಔಷಧ ನಡೆಯುತ್ತಿದೆ, ಸುಧಾರಿಸುವ ನಿರೀಕ್ಷೆ ಇದೆ’ ಎಂದು ಬರೆಯುತ್ತೇನೆ. ಐದು ನಿಮಿಷ ಹಿಡಿಯುತ್ತದೆ. ಎಲ್ಲ ಕಡೆಯೂ ಅದಕ್ಕೆ ಬೆಲೆ ಸಿಗುತ್ತದೆಂದು ಹೇಳಲಾರೆ. ಆದರೆ ಕೆಲವು ಕಡೆ ಸಿಕ್ಕಿದೆ.

ಆ ಹೆಣ್ಣುಮಗಳು ಈಗ ತನ್ನ ಬೀದಿಯಲ್ಲೇ ರವಿಕೆ ಹೊಲಿಯುತ್ತಾಳೆ. ಹತ್ತೂವರೆಗೆ ಯಂತ್ರದ ಮುಂದೆ ಕೂರುತ್ತಾಳೆ. ಕೈ ಚೆನ್ನಾಗಿದೆ. ಸಂಪಾದನೆ ಮಾತ್ರ ಹಿಂದಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.